ಮಂಜುಗಡ್ಡೆ ಇಲ್ಲದ ದೇಶದಲ್ಲಿ ಬೇರಿಂಗ್ ಗಾಡಿ

ಕಳೆದ ತಿಂಗಳು ನಮ್ಮ ಕಾರಿನ ಹಿಂದಿನ ಚಕ್ರ ಗುಂಯ್ ಎಂದು ಕೂಗತೊಡಗಿತ್ತು. ಇಲ್ಲಿ ಐರ್ಲೆಂಡಿನಲ್ಲಿ ನಮ್ಮ ಮನೆ ಹತ್ತಿರದ ಬ್ಲಾಂಚರ್ಡ್ಸ್‌ಟೌನಿನ ಒಂದು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ, ಗ್ರೀಸು ಮೆತ್ತಿದ ಉಕ್ಕಿನ ಬಳೆಯೊಂದನ್ನು ನನ್ನ ಮುಂದೆ ಹಿಡಿದು, "ಬೇರಿಂಗ್ ಹೋಗಿದೆ. ಹೊಸದು ಹಾಕಿದ್ರೆ ಗ್ರ್ಯಾಂಡ್," ಎಂದ. ಇಲ್ಲಿಯವರ ಬಾಯಲ್ಲಿ ಚೆನ್ನಾಗಿರುವುದೆಲ್ಲ ಗ್ರ್ಯಾಂಡೇ. ಹಳೆಯದನ್ನು ಕಸಕ್ಕೆ ಎಸೆಯಲು ಹೊರಟವನನ್ನು ತಡೆದು, ನನಗೆ ಕೊಡು ಎಂದೆ. ವಿಚಿತ್ರವಾಗಿ ನೋಡುತ್ತ ಪೇಪರಿನಲ್ಲಿ ಸುತ್ತಿ ಕೊಟ್ಟ. ಮನೆ ಸೇರುವಷ್ಟರಲ್ಲಿ ಕಾರಿನ ತುಂಬ ಗ್ರೀಸಿನ ವಾಸನೆ. ಹೆಂಡತಿ ಸುಮಾ ಮೂಗು ಮುಚ್ಚಿಕೊಂಡು, "ಇನ್ನೂ ಮುಗೀಲಿಲ್ವಾ ನಿಮ್ಮ ಬೇರಿಂಗ್ ಹುಚ್ಚು?" ಎಂದಳು. ಅದು ಮುಗಿಯುವಂಥದ್ದಲ್ಲ.

ಈ ವಾಸನೆ ಬಂದರೆ ಸಾಕು, ಕೊರೊನಾದ ಎರಡನೆಯ ವರ್ಷ ಪೂರ್ತಿ ಎದ್ದು ಬಂದು ಎದುರು ಕೂರುತ್ತದೆ. ಲೋಕಕ್ಕೆಲ್ಲ ಅದು ಕೆಟ್ಟ ವರ್ಷ. ನನಗೂ ಕೆಟ್ಟದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಐರ್ಲೆಂಡಿನ ಹಸಿರು ಜೆರ್ಸಿ ತೊಟ್ಟು ನಾನು ಐಸ್ ಹಾಕಿ ಆಡಿದ್ದೂ ಅದೇ ವರ್ಷ. ನನ್ನ ಹೆಸರು ಶಿವಕುಮಾರ, ತುಮಕೂರಿನ ಶಿರಾ ಗೇಟಿನವನು, ಎರಡೂ ಕಾಲಿಗೆ ಪೋಲಿಯೊ. ಹುಟ್ಟಿದೂರಿನಲ್ಲಿ ನಾನು ಐಸನ್ನು ಕಂಡದ್ದು ಕಡ್ಡಿಯ ತುದಿಯಲ್ಲಿ ಮಾತ್ರ. ಅಂಥವನು ಅಂತರರಾಷ್ಟ್ರೀಯ ಆಟಗಾರನಾಗಿಬಿಟ್ಟೆ. ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಸ್ಲೆಡ್ಜ್ ಹಾಕಿ ಎಂದರೆ ಕಾಲಿನಲ್ಲಿ ಬಲವಿಲ್ಲದವರು, ಕಾಲೇ ಇಲ್ಲದವರು ಕೂತು ಆಡುವ ಐಸ್ ಹಾಕಿ. ಒಂದು ಗಟ್ಟಿ ಸೀಟು, ಅದರಡಿ ಉಕ್ಕಿನ ಎರಡು ಅಲಗು. ಸೊಂಟಕ್ಕೆ, ಕಾಲಿಗೆ ಬೆಲ್ಟು ಬಿಗಿದು ಕೂತರೆ ನೆಲಕ್ಕೂ ನಮಗೂ ಗೇಣಿನ ಅಂತರ. ಎರಡು ಕೈಗೂ ಒಂದೊಂದು ಮೊಂಡು ಸ್ಟಿಕ್ಕು. ಅದರ ಒಂದು ತುದಿಯ ಚೂಪು ಹಲ್ಲನ್ನು ಮಂಜುಗಡ್ಡೆಗೆ ಚುಚ್ಚಿ ಮುಂದೆ ತಳ್ಳಿಕೊಳ್ಳಬೇಕು, ಇನ್ನೊಂದು ತುದಿಯಿಂದ ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯನ್ನು ಹೊಡೆಯಬೇಕು. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡಬಹುದು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬಹುದು. ನನಗೆ ಹಿಡಿಸಿದ್ದೇ ಅದು. ಚಿಕ್ಕಂದಿನಿಂದ "ಪಾಪ, ಹುಷಾರು" ಎಂದು ಕೇಳಿ ಕೇಳಿ ಕಿವಿ ತೂತಾಗಿದ್ದವನಿಗೆ, ಯಾರೋ ದಡಿಯ ಬಂದು ಪಕ್ಕೆಗೆ ಗುದ್ದಿ "ಸಾರಿ" ಕೂಡ ಹೇಳದೆ ಹೋಗುವ ಆಟ ಸಿಕ್ಕಿತ್ತು.

ತೊಂದರೆ ಒಂದೇ. ನಮ್ಮ ಕಡೆ ವರ್ಷವಿಡೀ ತೆರೆದಿರುವ ಐಸ್ ರಿಂಕೇ, ಅಂದರೆ ಮಂಜುಗಡ್ಡೆಯ ಅಂಗಳವೇ, ಇರಲಿಲ್ಲ. ಉತ್ತರದ ಗಡಿ ದಾಟಿ ಬೆಲ್‌ಫಾಸ್ಟ್ ಕಡೆಗೆ ಹೋಗಬೇಕು. ಕೊರೊನಾ ಬರುವ ಮುಂಚೆ ತಿಂಗಳಿಗೊಂದು ಭಾನುವಾರ ಸ್ಲೆಡ್ಜುಗಳನ್ನು ಕಾರಿಗೆ ತುಂಬಿಕೊಂಡು ಹೋಗಿ ಬರುತ್ತಿದ್ದೆವು. ನಾಯಕ ಡೆಕ್ಲನ್, ಮೀಥ್ ಕೌಂಟಿಯ ರೈತ. ಮೇವು ಕಟ್ಟುವ ಯಂತ್ರಕ್ಕೆ ಸಿಕ್ಕಿ ಎರಡೂ ಕಾಲು ಮಂಡಿಯವರೆಗೆ ಹೋಗಿದ್ದವು. ಈಫಾ, ಪ್ರೈಮರಿ ಶಾಲೆಯ ಟೀಚರು. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ, ಬಾಯಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ಕೋಚ್ ಬ್ರಿಜೆಟ್, ನಿವೃತ್ತ ವ್ಯಾಯಾಮದ ಮೇಡಂ. ಇನ್ನು ಬಂದು ಹೋಗುವ ಒಂದಷ್ಟು ಜನ. ನಮ್ಮ ತಂಡದಲ್ಲಿ ಎಳೆಯುವುದಕ್ಕೆ ಕಾಲುಗಳೇ ಕಡಿಮೆ, ಆದರೂ ದಿನವಿಡೀ ಒಬ್ಬರ ಕಾಲು ಇನ್ನೊಬ್ಬರು ಎಳೆಯುವುದೇ ಕೆಲಸ.

ಕೊರೊನಾದ ಆ ಎರಡನೆಯ ವರ್ಷದ ಜನವರಿ ಬಂತು. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನುಗಳನ್ನು ಓದುವ ಡಾಕ್ಟರು. ಕತ್ತಲ ಕೋಣೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಬೆಳ್ಳಗಾದ ಶ್ವಾಸಕೋಶಗಳನ್ನು ನೋಡುತ್ತಿದ್ದೆ. ವಾರ್ಡಿನ ಡಾಕ್ಟರುಗಳ ಹಾಗೆ ನಾನು ರೋಗಿಯ ಕೈ ಹಿಡಿದವನಲ್ಲ. ಹೆಸರು, ವಯಸ್ಸು, ಚಿತ್ರ, ಅಷ್ಟೇ. ಎರಡು ದಿನ ಬಿಟ್ಟು ಅದೇ ಹೆಸರು ಮತ್ತೆ ಬಂದರೆ ಇನ್ನೂ ಬೆಳ್ಳಗೆ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯವಿರುತ್ತಿರಲಿಲ್ಲ. ಹೊರಗೆ ಬಂದರೆ ಐದು ಗಂಟೆಗೇ ಕತ್ತಲು, ಹನಿ ಮಳೆ, ಖಾಲಿ ಬಸ್ಸುಗಳು. ಮನೆಯಿಂದ ಐದು ಕಿಲೋಮೀಟರಿನಾಚೆ ಸುಮ್ಮನೆ ಹೋಗುವಂತಿಲ್ಲ.

ಮನೆಯಲ್ಲಿ ಅಮ್ಮ. ಮೂರು ತಿಂಗಳು ಇದ್ದು ಹೋಗೋಣವೆಂದು ಹಿಂದಿನ ವರ್ಷ ಬಂದಿದ್ದವಳು ವಿಮಾನ ನಿಂತು ಸಿಕ್ಕಿಹಾಕಿಕೊಂಡಿದ್ದಳು. ಆಮೇಲೆ ವಿಮಾನ ಸಿಗುವ ಹೊತ್ತಿಗೆ ಊರಿನಲ್ಲಿ ಕಾಯಿಲೆ, ಅಲ್ಲಿ ಕಡಿಮೆಯಾದರೆ ಇಲ್ಲಿ ಜಾಸ್ತಿ. ಸೀರೆಯ ಮೇಲೆ ನನ್ನ ಹಳೇ ಜಾಕೆಟ್ಟು ಹಾಕಿಕೊಂಡು ಹೀಟರಿನ ಪಕ್ಕ ಕೂತು, "ಈ ದೇಶದಲ್ಲಿ ಸೂರ್ಯಂಗೂ ಲಾಕ್‌ಡೌನಾ?" ಎಂದು ಕೇಳುತ್ತಿದ್ದಳು.

ಹಾಕಿ ತಂಡ ಕಂಪ್ಯೂಟರಿನ ಪರದೆಗೆ ಬಂದಿತ್ತು. ವಾರಕ್ಕೊಮ್ಮೆ ಬ್ರಿಜೆಟ್ ಪರದೆಯಲ್ಲಿ ಕಾಣಿಸಿಕೊಂಡು ನಮ್ಮ ಕೈಯಲ್ಲಿ ನೀರಿನ ಬಾಟಲಿ ಎತ್ತಿಸುತ್ತಿದ್ದಳು. ಪರದೆಯ ಮೇಲಿನ ಮುಖಗಳು ವಾರವಾರಕ್ಕೂ ಕಡಿಮೆಯಾದವು. ಒಂದು ದಿನ ಅವಳು ವಿಷಯಕ್ಕೆ ಬಂದಳು. ನವೆಂಬರಿನಲ್ಲಿ ಬೆಲ್‌ಫಾಸ್ಟ್ ಕಡೆಯ ರಿಂಕಿನಲ್ಲೇ ಒಂದು ಪುಟ್ಟ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಲಿದೆ, ಹೊಸ ತಂಡಗಳಿಗೆಂದೇ. ಅಷ್ಟು ಹೊತ್ತಿಗೆ ಪೂರ್ತಿ ತಂಡ ಉಳಿದಿದ್ದರೆ ಆಡುತ್ತೇವೆ. ಇಲ್ಲದಿದ್ದರೆ ಹೆಸರು ಹಿಂದಕ್ಕೆ, ಮತ್ತೆ ಈ ತಂಡವನ್ನು ಕಟ್ಟುವವರು ಯಾರೂ ಇಲ್ಲ. ನನಗೆ ಆಗಲೇ ನಲವತ್ತನಾಲ್ಕು. ಪೋಲಿಯೊದವರಿಗೆ ಭುಜವೇ ಕಾಲು, ಆ ಭುಜಗಳೂ ಸವೆಯುತ್ತ ಬಂದಿದ್ದವು. ಈ ಸಲ ತಪ್ಪಿದರೆ ನನ್ನ ಪಾಲಿಗೆ ಇನ್ನೊಂದು ಸಲ ಇರಲಿಲ್ಲ.

"ಐಸೇ ಇಲ್ಲದೆ ಏನಂತ ಪ್ರಾಕ್ಟೀಸ್ ಮಾಡೋದು? ಸಗಣಿ ಮೇಲೆ ಜಾರಲಾ?" ಎಂದ ಡೆಕ್ಲನ್.

ನನ್ನ ಬಾಯಿಗೆ ಆ ಮಾತು ಹೇಗೆ ಬಂತೋ. "ನಾನು ಚಿಕ್ಕೋನಿದ್ದಾಗ ಬೇರಿಂಗ್ ಗಾಡಿ ಅಂತ ಇತ್ತು," ಎಂದೆ. ತುಮಕೂರಿನಲ್ಲಿ ನಮ್ಮಪ್ಪ ಲಾರಿ ಮೆಕ್ಯಾನಿಕ್. ನನಗೆ ನಡೆಯಲು ಬರುವುದಿಲ್ಲ ಎಂಬುದು ಖಚಿತವಾದ ಮೇಲೆ ಒಂದು ಹಲಗೆಗೆ ಲಾರಿಯ ಹಳೇ ಬೇರಿಂಗು ಮೂರು ಜೋಡಿಸಿ ಕೊಟ್ಟಿದ್ದ, ಮುಂದೊಂದು ಹಿಂದೆರಡು. ಎರಡು ಕೈಯಲ್ಲಿ ಎರಡು ಮರದ ತುಂಡು ಹಿಡಿದು ನೆಲಕ್ಕೆ ಒತ್ತಿ ತಳ್ಳಿಕೊಂಡರೆ ಗಡಗಡ ಸದ್ದು ಮಾಡುತ್ತ ಓಡುತ್ತಿತ್ತು. ಕಾಲಿದ್ದ ಹುಡುಗರು ಹಿಂದೆ ಬೀಳುತ್ತಿದ್ದರು. ಇಷ್ಟು ಹೇಳುತ್ತಿದ್ದ ಹಾಗೆ ಈಫಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, "ಶಿವ್, ಅದೇ ತಾನೇ ನಮ್ಮ ಆಟ? ನೀನು ನಮಗಿಂತ ಮೂವತ್ತು ವರ್ಷ ಸೀನಿಯರ್ರು!" ಎಂದಳು.

ಮುಂದಿನ ವಾರ ಅಂಚೆಯವನು ಒಂದು ಪೊಟ್ಟಣವನ್ನು ಎರಡು ಕೈಯಲ್ಲಿ ಹೊತ್ತು ತಂದು ಬಾಗಿಲಲ್ಲಿ ಕುಕ್ಕಿ ಹೋದ. ಡೆಕ್ಲನ್ ತನ್ನ ಹಳೇ ಟ್ರೇಲರುಗಳಿಂದ ಕಿತ್ತ ಬೇರಿಂಗುಗಳು. ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಶನಿವಾರ ಕೂತು ಗಾಡಿ ಮಾಡಿದೆ. ಕೈಗೆಲ್ಲ ಗ್ರೀಸು. ಅಪ್ಪನ ಅಂಗಿಯ ವಾಸನೆ. ಅಪ್ಪ ತೀರಿ ಎಷ್ಟೋ ವರ್ಷವಾಗಿತ್ತು, ಅವತ್ತು ಶೆಡ್ಡಿನಲ್ಲಿ ಒಬ್ಬನೇ ಕೂತು ಅತ್ತೆ.

ಭಾನುವಾರ ಬೆಳಿಗ್ಗೆ, ನಿಲ್ಲಲು ಕಾಲಿಗೆ ಕಟ್ಟಿಕೊಳ್ಳುವ ಉಕ್ಕಿನ ಕ್ಯಾಲಿಪರ್ ಬಿಚ್ಚಿ, ಗಾಡಿಯ ಮೇಲೆ ಕೂತು, ನಮ್ಮ ಮನೆಗಳ ಸಾಲಿನ ಮುಂದಿನ ಡಾಂಬರಿನ ಮೇಲೆ ಒಂದು ಸಲ ತಳ್ಳಿಕೊಂಡೆ. ಅದೇ ಗಡಗಡ. ಆ ಸದ್ದಿಗೆ ಸಾಲಿನ ಕಿಟಕಿ ಪರದೆಗಳೆಲ್ಲ ಸರಿದವು. ತಿರುವಿನವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ನಮ್ಮ ಮನೆಯ ಬಾಗಿಲಲ್ಲಿ ಅಮ್ಮ.

"ಶಿವೂ, ಎದ್ದೇಳೋ! ಒಳಗೆ ಬಾರೋ! ಯಾರಾದ್ರೂ ನೋಡ್ತಾರೆ!"

ಎಂಟು ವರ್ಷದವನಿದ್ದಾಗ ಕೇಳಿದ ಅದೇ ಮಾತು, ಅದೇ ದನಿ. ನಾನು ಕನ್ಸಲ್ಟೆಂಟ್ ಡಾಕ್ಟರು, ಮನೆಯ ಯಜಮಾನ. ಆದರೂ ಬಾಲ ಮುದುರಿಕೊಂಡು ಒಳಗೆ ಹೋದೆ.

ಅಡುಗೆಮನೆಯಲ್ಲಿ ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ಆ ಭಿಕ್ಷೆ ಗಾಡಿ ಹತ್ತೋಕೆ ಇಷ್ಟು ದೂರ ಬರಬೇಕಿತ್ತಾ? ಡಾಕ್ಟರ್ ಆಗಬೇಕಿತ್ತಾ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮಾತು ಎಲ್ಲಿಂದ ಬಂತೆಂದು ಗೊತ್ತಿತ್ತು.

ಆಗೆಲ್ಲ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾಲಿಲ್ಲದ ಒಬ್ಬರು ಇಂಥದೇ ಹಲಗೆಯ ಮೇಲೆ ಕೂತು ಬೇಡುತ್ತಿದ್ದರು. ಒಂದು ಸಂಜೆ ನಾನು ನಮ್ಮ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದಾಗ, ದೇವಸ್ಥಾನದಿಂದ ಬರುತ್ತಿದ್ದ ಹೆಂಗಸೊಬ್ಬಳು ನನ್ನ ಮಡಿಲಿಗೆ ನಾಲ್ಕಾಣೆ ಹಾಕಿ ಕೈ ಮುಗಿದು ಹೋದಳು. ನನಗೆ ಖುಷಿಯೋ ಖುಷಿ. ಓಡಿಸಿಕೊಂಡು ಬಂದು ಅಮ್ಮನಿಗೆ ತೋರಿಸಿದೆ. ಅಮ್ಮ ಆ ಕಾಸನ್ನು ಚರಂಡಿಗೆ ಎಸೆದಳು. ಅವತ್ತೇ ಹಲಗೆ ಸೀಳಿ ಬಚ್ಚಲೊಲೆಗೆ ಹಾಕಿದಳು. ನನ್ನನ್ನು ಹೊತ್ತುಕೊಂಡು ಬೆಂಗಳೂರಿಗೆ ಓಡಾಡಿ ಕ್ಯಾಲಿಪರ್ ಹಾಕಿಸಿದಳು. ಆಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಬಂತು: ಯಾರಾದರೂ ಬಂದರೆ ನಾನು ಎದ್ದು ನಿಂತಿರಬೇಕು. ಮದುವೆಮನೆಯಲ್ಲಿ ಎಲ್ಲರೂ ನೆಲದ ಮೇಲೆ ಪಂಕ್ತಿಯಲ್ಲಿ ಕೂತರೂ ನನಗೆ ಕುರ್ಚಿ. ಅವಳು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅವಳು ನನ್ನನ್ನು ಎದ್ದು ನಿಲ್ಲಿಸಿದ್ದಕ್ಕೇ ನಾನು ಇಲ್ಲಿಯವರೆಗೆ ಬಂದೆ. ಆದರೆ ನೆಲದ ಮಟ್ಟದಲ್ಲಿ ನನಗಿದ್ದ ಸುಖ ಅವಳಿಗೆ ಗೊತ್ತೇ ಆಗಲಿಲ್ಲವಲ್ಲ ಎಂಬ ಕೊರಗು ಮಾತ್ರ ಉಳಿದುಬಿಟ್ಟಿತ್ತು. ಈ ಆಟವನ್ನು ಅವಳು ಒಮ್ಮೆ ನೋಡಬೇಕು, ತಲೆ ತಗ್ಗಿಸದೆ ನೋಡಬೇಕು. ಆ ವರ್ಷ ನನಗೆ ಬೇಕಾಗಿದ್ದುದು ಅದೇ.

ಏಪ್ರಿಲ್ ಮುಗಿಯುವ ಹೊತ್ತಿಗೆ ಹೊರಾಂಗಣದಲ್ಲಿ ಸಣ್ಣ ಗುಂಪಾಗಿ ಸೇರಲು ಅಪ್ಪಣೆ ಸಿಕ್ಕಿತು. ಡೆಕ್ಲನ್‌ನ ಹಟ್ಟಿಯ ಮುಂದೆ ವಿಶಾಲವಾದ ಸಿಮೆಂಟ್ ಅಂಗಳ. ಅವನ ತಮ್ಮ ಅದನ್ನು ಪ್ರೆಷರ್ ಪೈಪಿನಲ್ಲಿ ತೊಳೆದು ಕೊಟ್ಟ. ಡೆಕ್ಲನ್ ಎಲ್ಲರಿಗೂ ಒಂದೊಂದು ಗಾಡಿ ಮಾಡಿಟ್ಟಿದ್ದ, ನನ್ನದಕ್ಕಿಂತ ಚೆನ್ನಾಗಿ, ಬೆನ್ನಿಗೆ ಆನಿಕೆ ಬೇರೆ. ಬಿಟ್ಟು ಹೋದವರೂ "ಏನೋ ಇಂಡಿಯನ್ ಗಾಡಿಯಂತೆ" ಎಂದು ನೋಡಲು ಬಂದು ಉಳಿದುಕೊಂಡರು. ಹುಳಿ ಮೇವಿನ ವಾಸನೆ, ಮೇಲೊಂದು ಹನಿ ಮಳೆ, ಕೆಳಗೆ ಇಷ್ಟೂ ಗಾಡಿಗಳ ಗಡಗಡ. ಬೇಲಿಯಾಚೆ ಹಸುಗಳು ಮೇಯುವುದನ್ನು ಬಿಟ್ಟು ಸಾಲಾಗಿ ನಿಂತು ನೋಡುತ್ತಿದ್ದವು. ನಮ್ಮ ಮೊದಲ ಪ್ರೇಕ್ಷಕರು ಅವರೇ.

ಮೇ ತಿಂಗಳಲ್ಲಿ ಊರಿನ ಸುದ್ದಿ ಕೆಟ್ಟದಾಯಿತು. ಫೋನ್ ಬಂದರೆ ಎತ್ತಲು ಭಯ. ಅಮ್ಮನ ತಮ್ಮ, ನನ್ನ ಸೋದರಮಾವ, ತುಮಕೂರಿನಲ್ಲಿ ತೀರಿಕೊಂಡ. ಆಸ್ಪತ್ರೆಯವರು ಮುಖವನ್ನೂ ಸರಿಯಾಗಿ ತೋರಿಸಲಿಲ್ಲವಂತೆ. ಇಲ್ಲಿ ಕೂತು ಅಮ್ಮ ಏನು ಮಾಡಿಯಾಳು? ಮಾತು ಬಿಟ್ಟಳು. ಅಡುಗೆ ಬಿಟ್ಟಳು. ಸುಮಾ ಹೇಳಿದಳು, "ಆ ಡೆಕ್ಲನ್ ಮನೆಗಾದ್ರೂ ಕರ್ಕೊಂಡು ಹೋಗ್ರೀ. ಹಸು ನೋಡಿದ್ರೆ ಒಂಚೂರು ಸಮಾಧಾನ ಆಗ್ಬೋದು." ಗಾಡಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಅಮ್ಮ ಕಾರಿನಿಂದಿಳಿದು ಮೊದಲು ನೋಡಿದ್ದು ಹಸುಗಳನ್ನು. ಮುಖ ಒಂದಿಷ್ಟು ತಿಳಿಯಾಯಿತು. ಆಮೇಲೆ ನೋಡಿದ್ದು ಡೆಕ್ಲನ್‌ನನ್ನು. ಕೆಂಪು ಮುಖದ ಭಾರಿ ಆಳು, ಮಂಡಿಯ ಕೆಳಗೆ ಏನೂ ಇಲ್ಲ, ಬೇರಿಂಗ್ ಗಾಡಿಯ ಮೇಲೆ ಕೂತು ಗಡಗಡ ಎಂದು ನೇರ ಅವಳ ಮುಂದೆಯೇ ಬಂದು ನಿಂತ. ಟೋಪಿ ತೆಗೆದು, "ಸ್ವಾಗತ ಮಿಸೆಸ್, ಪ್ರಯಾಣ ಗ್ರ್ಯಾಂಡಾಗಿತ್ತಾ?" ಎಂದ.

ಅಮ್ಮ ನನ್ನ ಕಡೆ ತಿರುಗಿ, "ಈ ಹಸುವೆಲ್ಲ ಇವಂದೇನಾ?" ಎಂದಳು.

"ಹೂಂ. ಆ ಗುಡ್ಡದವರೆಗೂ ಜಮೀನೂ ಅವಂದೇ."

"ಇಷ್ಟೆಲ್ಲ ಇಟ್ಕೊಂಡು ಭಿಕ್ಷೆ ಗಾಡೀಲಿ ಕೂತವ್ನಲ್ಲೋ!"

ಅಮ್ಮ ಏನೆಂದಳೆಂದು ಡೆಕ್ಲನ್ ಕೇಳಿದ. ಹಸುಗಳು ಚೆನ್ನಾಗಿವೆಯಂತೆ ಎಂದೆ. ಅವನು ಹಿಗ್ಗಿ, ಅವಳನ್ನು ಕೊಟ್ಟಿಗೆಗೆ ಕರೆದೊಯ್ದ. ಅವನು ಗಾಡಿಯಲ್ಲಿ ಮುಂದೆ, ಇವಳು ಸೀರೆ ಎತ್ತಿ ಹಿಡಿದು ಹಿಂದೆ. ಭಾಷೆ ಬರದಿದ್ದರೂ ಕೆಚ್ಚಲು ಬಾವು, ಕರು, ಮೇವು ಎಂದು ಅದೇನು ಮಾತಾಡಿದರೋ, ಹೊರಗೆ ಬಂದಾಗ ಅಮ್ಮನ ಕೈಯಲ್ಲಿ ಗಿಣ್ಣುಹಾಲಿನ ಬಾಟಲಿ ಇತ್ತು. ಅವತ್ತು ಮನೆಗೆ ಬಂದು ಗಿಣ್ಣು ಕಾಸಿದಳು. ಸುಮಾ ನನ್ನ ಕಡೆ ನೋಡಿ ಉಸಿರು ಬಿಟ್ಟಳು. ಗಾಡಿಯ ಬಗ್ಗೆ ಅಮ್ಮ ಒಂದು ಮಾತೂ ಆಡಲಿಲ್ಲ.

ಬೇಸಿಗೆಯಲ್ಲಿ ರಿಂಕು ತೆರೆಯಿತು. ನಾವು ಗಡಿ ದಾಟಿ ಹೋದೆವು, ಎದೆಯುಬ್ಬಿಸಿಕೊಂಡು. ಇಷ್ಟು ತಿಂಗಳ ಗಾಡಿಯಿಂದ ಎಲ್ಲರ ತೋಳು ಒನಕೆಯಾಗಿತ್ತು. ಐಸಿಗಿಳಿದು ಮೊದಲ ತಳ್ಳಿಗೆ ಬಾಣದಂತೆ ಹೋದೆವು. ತಿರುವು ಬಂತು. ಒಬ್ಬರ ಹಿಂದೊಬ್ಬರು ನೇರ ಹೋಗಿ ಗೋಡೆಗೆ ಬಡಿದುಕೊಂಡೆವು.

ಆಗಿದ್ದಿಷ್ಟೇ. ಸ್ಲೆಡ್ಜಿನಲ್ಲಿ ತಿರುಗಬೇಕಾದರೆ ಮೈಯನ್ನು ಪಕ್ಕಕ್ಕೆ ವಾಲಿಸಬೇಕು, ಅಲಗು ತಾನಾಗಿ ತಿರುಗುತ್ತದೆ. ಬೇರಿಂಗ್ ಗಾಡಿ ವಾಲುವುದೇ ಇಲ್ಲ. ಅದರಲ್ಲಿ ಒಂದು ಕೈಯ ಕೋಲನ್ನು ನೆಲಕ್ಕೆ ಊರಿ ಎಳೆದು ತಿರುಗಿಸಬೇಕು. ನನಗಿದ್ದ ಆ ಅಭ್ಯಾಸವನ್ನು ಇಡೀ ಐರ್ಲೆಂಡ್ ತಂಡಕ್ಕೆ ಅಂಟಿಸಿಬಿಟ್ಟಿದ್ದೆ. ಎಲ್ಲರೂ ಶಿರಾ ಗೇಟಿನ ಹುಡುಗರ ಹಾಗೆ ಕೋಲು ಎಳೆಯುತ್ತಿದ್ದರು, ವೇಗ ಸತ್ತು ಅಲ್ಲೇ ಗಿರ್ರನೆ ತಿರುಗಿ ಬೀಳುತ್ತಿದ್ದರು. ಬ್ರಿಜೆಟ್ ತಲೆ ಹಿಡಿದುಕೊಂಡಳು.

"ಹೆಸರು ವಾಪಸ್ ತಗೊಳ್ಳೋಣ. ನಗೆಪಾಟಲು ಆಗೋದು ಬೇಡ," ಎಂದಳು.

ಯಾರೂ ನನ್ನ ಮುಖ ನೋಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ಈಫಾ ಮಂಜುಗಡ್ಡೆಯ ಮೇಲೆ ಬಿದ್ದಲ್ಲಿಂದಲೇ ಕೂಗಿದಳು, "ನಮ್ಮನ್ನ ನೋಡಿ ನಗೋರು ಹುಟ್ಟಿದಾಗಿಂದ ಇದ್ದಾರೆ, ಬ್ರಿಜೆಟ್. ಹೊಸಬ್ರಿಗೆ ನವೆಂಬರ್‌ವರೆಗೂ ಕಾಯೋಕೆ ಹೇಳು!" ಹೆಸರು ಉಳಿಯಿತು. ಬೇಸಿಗೆ ಮುಗಿದು ಎಲೆ ಉದುರುವವರೆಗೆ ಸಿಕ್ಕ ಸಿಕ್ಕ ಭಾನುವಾರವೆಲ್ಲ ಹೋಗಿ ವಾಲುವುದನ್ನು ಕಲಿತೆವು. ಪೂರ್ತಿ ಬರಲಿಲ್ಲ. ಮೈಮರೆತರೆ ಕೋಲು ತಾನಾಗಿಯೇ ಐಸಿಗೆ ಊರುತ್ತಿತ್ತು.

ನವೆಂಬರ್ ಬಂತು. ಮೂಗಿಗೆ ಕಡ್ಡಿ ಹಾಕಿ ಟೆಸ್ಟು, ಮಾಸ್ಕು, ಅಲ್ಲೊಬ್ಬರು ಇಲ್ಲೊಬ್ಬರು ಕೂತ ಪ್ರೇಕ್ಷಕರು. ಆದರೂ ಹಸಿರು ಜೆರ್ಸಿ ಕೈಗೆ ಬಂದಾಗ ಅದನ್ನು ಹಾಕಿಕೊಳ್ಳದೆ ಸುಮಾರು ಹೊತ್ತು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಎಂದರೆ ನಾನು ಎಲ್ಲರ ಚಪ್ಪಲಿ ಕಾಯುವವನು. ಬೆನ್ನ ಮೇಲೆ ನಂಬರ್ ಇರುವ ಅಂಗಿ ಹಾಕುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ಅವರ ತಲೆ ಕೆಟ್ಟಿದೆ ಎನ್ನುತ್ತಿದ್ದೆ.

ಅಮ್ಮನನ್ನು ಕರೆದಿದ್ದೆ. "ಅಲ್ಲೆಲ್ಲ ಜನ ಇರ್ತಾರೆ, ನಾನು ಬರಲ್ಲ," ಎಂದಿದ್ದಳು. ಜನ ಇದ್ದರೆ ಏನು ಎಂದು ಕೇಳುವ ಅಗತ್ಯವಿರಲಿಲ್ಲ. ಸುಮಾ ಅವಳ ಜೊತೆ ಮನೆಯಲ್ಲೇ ಉಳಿದಳು.

ಮೊದಲ ದಿನ ಸೋತೆವು. ಎರಡನೆಯ ದಿನ ಇನ್ನೂ ಚೆನ್ನಾಗಿ ಸೋತೆವು. ಗೋಲು ಎಷ್ಟು ಬಿದ್ದವೆಂದು ಬರೆಯುವುದಿಲ್ಲ, ಡೆಕ್ಲನ್‌ಗೆ ಕನ್ನಡ ಬಾರದಿದ್ದರೂ ನಾಯಕನಾದ ಅವನ ಮರ್ಯಾದೆಯ ಪ್ರಶ್ನೆ. ಗಾಬರಿಯಲ್ಲಿ ಎಲ್ಲರೂ ವಾಲುವುದನ್ನು ಮರೆತಿದ್ದೆವು. ಸಂಜೆ ಹೋಟೆಲ್ ಕೋಣೆಯಲ್ಲಿ ಭುಜಕ್ಕೆ ಐಸ್ ಚೀಲ ಕಟ್ಟಿಕೊಂಡು ಕೂತಿದ್ದೆ. ಸುಮಾಳ ಫೋನು. ಆ ಕಡೆಯಿಂದ ಮಾತಾಡಿದವಳು ಅಮ್ಮ.

"ಎರಡು ದಿನಾನೂ ನೋಡ್ದೆ. ಸುಮಾ ಮೊಬೈಲ್‌ನಲ್ಲಿ ಹಾಕ್ಕೊಟ್ಳು," ಎಂದಳು.

"ಸೋತ್ವಿ ಕಣಮ್ಮ," ಎಂದೆ.

"ಅದು ಕಾಣ್ತು. ಅಲ್ಲ ಕಣೋ, ಆಗ ಬೀದೀಲಿ ಗಿರಕಿ ಹೊಡೀತಿದ್ಯಲ್ಲ, ಯಾವ ಹುಡುಗ್ರ ಕೈಗೂ ಸಿಗದಂಗೆ? ಅದ್ಯಾಕೆ ಹೊಡೀಲಿಲ್ಲ?"

ಆ ಗಿರಕಿ ನನಗೇ ಮರೆತುಹೋಗಿತ್ತು. ಅಟ್ಟಿಸಿಕೊಂಡು ಬಂದ ಹುಡುಗರು ಇನ್ನೇನು ಹಿಡಿದರು ಎನ್ನುವಾಗ ಎಡಗೈ ಕೋಲು ಊರಿ ಬಲಗೈಯಿಂದ ತಳ್ಳಿದರೆ ಗಾಡಿ ನಿಂತಲ್ಲೇ ಸುತ್ತು ತಿರುಗುತ್ತಿತ್ತು, ಅವರು ಮುಂದೆ ಹೋಗಿ ಬೀಳುತ್ತಿದ್ದರು. ಬಾಗಿಲಲ್ಲಿ ನಿಂತು ಒಳಗೆ ಬಾ ಎಂದು ಕೂಗುತ್ತಿದ್ದ ಅಮ್ಮ ಅದನ್ನೆಲ್ಲ ನೋಡಿದ್ದಳು. ನೋಡಿ, ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಳು.

ಮರುದಿನ ಕೊನೆಯ ಪಂದ್ಯ, ನೀಲಿ ಜೆರ್ಸಿಯವರ ವಿರುದ್ಧ. ಅವರೂ ಎರಡು ಸೋತು ಬಂದಿದ್ದರು. ಐಸಿಗಿಳಿಯುವ ಮೊದಲು ಒಮ್ಮೆ ತಲೆಯೆತ್ತಿ ನೋಡಿದರೆ, ಖಾಲಿ ಕುರ್ಚಿಗಳ ನಡುವೆ ಸುಮಾ. ಪಕ್ಕದಲ್ಲಿ ಸೀರೆ, ಜಾಕೆಟ್ಟು, ಮಂಕಿ ಕ್ಯಾಪು, ಮಾಸ್ಕು, ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ. ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಅಮ್ಮನ ಗುರುತು ಹಿಡಿಯಲು ಅಷ್ಟು ಸಾಕಾಗಿತ್ತು.

ಆ ಪಂದ್ಯ ನಾವು ಬೇರೆಯೇ ಆಡಿದೆವು. ಅವರೊಂದು ಗೋಲು ಹೊಡೆದರು, ಡೆಕ್ಲನ್ ಒಂದು ಹೊಡೆದ. ನಮ್ಮ ತಂಡದ ಮೊಟ್ಟಮೊದಲ ಅಂತರರಾಷ್ಟ್ರೀಯ ಗೋಲು ಅದು. ಹೊಡೆದವನು ಹಟ್ಟಿಯಲ್ಲಿ ಕೂಗುವ ಹಾಗೆ ಕೂಗಿದ. ಸಮ ಸಮ. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ಪಕ್ ನನ್ನ ಸ್ಟಿಕ್ಕಿಗೆ ಬಂತು, ಗೋಡೆಯ ಅಂಚಿನಲ್ಲಿ ತಳ್ಳಿಕೊಂಡು ಹೊರಟೆ. ನೀಲಿ ಜೆರ್ಸಿಯ ಆಜಾನುಬಾಹು ಒಬ್ಬ ನನ್ನನ್ನು ಗೋಡೆಗೆ ಅರೆಯಲೆಂದೇ ಪಕ್ಕದಿಂದ ನುಗ್ಗಿ ಬಂದ. ವಾಲಿ ತಪ್ಪಿಸಿಕೊಳ್ಳುವಷ್ಟು ಜಾಗವಿರಲಿಲ್ಲ. ಅವನು ತೀರ ಹತ್ತಿರ ಬರುವವರೆಗೆ ಬಿಟ್ಟು, ಎಡಗೈ ಕೋಲು ಊರಿ, ಬಲಗೈಯಿಂದ ಒಂದು ತಳ್ಳು ಕೊಟ್ಟೆ.

ಶಿರಾ ಗೇಟಿನ ಗಿರಕಿ. ಅವನು ನನ್ನ ಮೂಗಿನ ಮುಂದೆಯೇ ಹಾದು ಹೋಗಿ ಗೋಡೆಗೆ ಧಡಾರನೆ ಬಿದ್ದ. ನಾನು ಸುತ್ತು ತಿರುಗಿ ಮುಗಿಸುವಷ್ಟರಲ್ಲಿ ಎ‌ದುರಿಗೆ ದಾರಿ ಬಿಚ್ಚಿಕೊಂಡಿತ್ತು. ನಡುವೆ ಈಫಾ ಒಬ್ಬಳೇ, ಸ್ಟಿಕ್ಕಿನಿಂದ ಐಸಿಗೆ ಟಪಟಪ ಬಡಿಯುತ್ತ, "ಶಿವ್! ಶಿವ್!" ಎನ್ನುತ್ತಿದ್ದಳು. ಪಕ್ ಅವಳ ಕಡೆ ಜಾರಿಸಿದೆ. ಅವಳು ತಡಮಾಡಲಿಲ್ಲ. ಬಲೆ ನಡುಗಿತು.

ಸೈರನ್ ಕೂಗಿದಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು. ಅಡಿಯಲ್ಲಿ ಸಿಕ್ಕಿಕೊಂಡ ಡೆಕ್ಲನ್ ಉಸಿರಿಗೆ ಒದ್ದಾಡುತ್ತ, "ಗ್ರ್ಯಾಂಡ್, ಗ್ರ್ಯಾಂಡ್," ಎನ್ನುತ್ತಿದ್ದ. ಚಾಂಪಿಯನ್‌ಶಿಪ್‌ನಲ್ಲಿ ನಮಗೆ ಮೂರನೆಯ ಸ್ಥಾನ. ಒಟ್ಟು ಎಷ್ಟು ತಂಡ ಬಂದಿದ್ದವೆಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಪದಕ ಪದಕವೇ. ಈಗಲೂ ನಮ್ಮ ಹಾಲಿನಲ್ಲಿ, ಬಂದವರ ಕಣ್ಣಿಗೆ ಬೀಳುವ ಕಡೆಯೇ ತೂಗುಹಾಕಿದ್ದೇನೆ.

ಸ್ಲೆಡ್ಜನ್ನು ದಡಬಡ ಜರುಗಿಸಿಕೊಂಡು ಐಸಿನಿಂದ ಹೊರಗೆ ರಬ್ಬರ್ ಹಾಸಿನ ಮೇಲೆ ಬಂದೆ. ಬೆವರಿಗೆ ಹೆಲ್ಮೆಟ್ಟಿನೊಳಗೆ ಕೂದಲು ಅಂಟಿತ್ತು. ಅಷ್ಟರಲ್ಲಿ ಅಮ್ಮ ಮೆಟ್ಟಿಲಿಳಿದು ಬರುತ್ತಿದ್ದಳು, ಮಾಸ್ಕು ಗದ್ದದ ಕೆಳಗೆ ಜಾರಿತ್ತು, ಮೊಬೈಲನ್ನು ಆರತಿ ತಟ್ಟೆಯ ಹಾಗೆ ಮುಂದೆ ಹಿಡಿದಿದ್ದಳು. ಪರದೆಯಲ್ಲಿ ತುಮಕೂರು. ನನ್ನ ತಂಗಿ, ತೀರಿಕೊಂಡ ಸೋದರಮಾವನ ಮನೆಯವರು, ಅಕ್ಕಪಕ್ಕದವರು, ಬೀದಿಯ ಅರ್ಧ ಜನ ತಲೆಗೆ ತಲೆ ತಾಗಿಸಿಕೊಂಡು ನೋಡುತ್ತಿದ್ದರು. ನಾನು ನೆಲದ ಮೇಲಿದ್ದೆ, ಅವರೆಲ್ಲರ ಮುಂದೆ, ಗೇಣೆತ್ತರದಲ್ಲಿ. ಮೂವತ್ತೈದು ವರ್ಷದ ರೂಢಿ, ಕೈ ತಾನಾಗಿ ಬೆಲ್ಟಿಗೆ ಹೋಯಿತು.

"ಒಂದ್ನಿಮಿಷ ಇರಮ್ಮ, ಕ್ಯಾಲಿಪರ್ ಹಾಕ್ಕೊಂಡು ಎದ್ದು ನಿಂತ್ಕೋತೀನಿ," ಎಂದೆ.

"ಯಾಕೆ?" ಎಂದಳು ಅಮ್ಮ. ಬಗ್ಗಿ ನನ್ನ ಕೈಯನ್ನು ಬೆಲ್ಟಿನಿಂದ ತೆಗೆದಳು. ನನ್ನ ಮುಖವೂ ಸ್ಲೆಡ್ಜೂ ಒಟ್ಟಿಗೆ ಕಾಣುವಂತೆ ಮೊಬೈಲನ್ನು ಸರಿಯಾಗಿ ಹಿಡಿದಳು.

"ಹಂಗೇ ಕೂತ್ಕೋ. ನೋಡ್ಲಿ."